ವಿಳಾಸಪಟ್ಟಿಯಲ್ಲಿ ಇಲ್ಲದವರು

ಕಣ ಭೌತವಿಜ್ಞಾನದ ಪ್ರಬಂಧಗಳು ಇಂದು ಯಾರಿಗೆ ಬೇಕಾದರೂ ಪುಕ್ಕಟೆಯಾಗಿ ಓದಲು ಸಿಗುವುದು ಇಂಟರ್ನೆಟ್ಟಿನ ಕೊಡುಗೆ ಎಂದು ಹೇಳಿ ಮುಗಿಸುವುದು ವಾಡಿಕೆ. ಪುಣೆಯ ಕಡೆಯಿಂದ ನೋಡಿದರೆ ಅದು ಅರ್ಧ ಸತ್ಯ. ಕಣ ಭೌತವಿಜ್ಞಾನಿಗಳು ನಿಯತಕಾಲಿಕದ ಅಚ್ಚಿಗಾಗಿ ಕಾದು ಕೂತವರಲ್ಲ. ಪ್ರಬಂಧ ಮುಗಿದ ಕೂಡಲೇ ಪ್ರತಿಗಳನ್ನು ತೆಗೆಸಿ ಬೇರೆ ಸಂಸ್ಥೆಗಳಿಗೆ ಅಂಚೆಯಲ್ಲಿ ಕಳಿಸುವ ಪ್ರಿಪ್ರಿಂಟ್ ಪದ್ಧತಿ 1960ರ ದಶಕದಲ್ಲೇ ಬೇರೂರಿತ್ತು. ಹಂಚಿಕೊಳ್ಳುವ ಮನಸ್ಸಿಗೇನೂ ಕೊರತೆಯಿರಲಿಲ್ಲ. ಆದರೆ ಯಾರಿಗೆ ಕಳಿಸಬೇಕೆಂಬ ಪಟ್ಟಿಯೊಂದಿತ್ತು. ಹೆಸರಾಂತ ಸಂಸ್ಥೆಗಳು ಆ ಪಟ್ಟಿಯೊಳಗಿದ್ದವು, ಸಣ್ಣ ಊರಿನ ಕಾಲೇಜು ಅಧ್ಯಾಪಕ ಹೊರಗಿದ್ದ. ಅವನ ಪಾಲಿಗೆ ಉಳಿದದ್ದು ತಡವಾಗಿ ಬರುವ, ಚಂದಾ ಕಟ್ಟಿದರೆ ಮಾತ್ರ ಬರುವ ನಿಯತಕಾಲಿಕ.

ವಿಶ್ವವಿದ್ಯಾಲಯ ಅನುದಾನ ಆಯೋಗ 1988ರಲ್ಲಿ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ಸ್ಥಾಪಿಸಿದ ಐಯುಕಾ ಈ ಕೊರತೆಗೆ ಕಂಡುಕೊಂಡ ಒಂದು ಉತ್ತರ. ಅದು ಖಗೋಳವಿಜ್ಞಾನದ ಕೇಂದ್ರ, ಕಣಗಳದ್ದಲ್ಲ, ನಿಜ. ಆದರೆ ಸ್ಥಾಪಕ ನಿರ್ದೇಶಕ ಜಯಂತ ನಾರಳೀಕರರ ಕಾಲದಿಂದಲೂ ದೇಶದ ವಿಶ್ವವಿದ್ಯಾಲಯಗಳ, ಕಾಲೇಜುಗಳ ಅಧ್ಯಾಪಕರು ಅಲ್ಲಿಗೆ ಬಂದು ಕೆಲವು ಕಾಲ ತಂಗಿ, ಗ್ರಂಥಾಲಯ ಬಳಸಿ, ಸಂಶೋಧನೆ ಮಾಡಿ ಹೋಗುವ ಏರ್ಪಾಡು ಇದೆ. ಓದುಗನನ್ನೇ ಗ್ರಂಥಾಲಯಕ್ಕೆ ಕರೆಸಿಕೊಳ್ಳುವ ಉಪಾಯ ಅದು. ರೈಲು ಹತ್ತಿ ಊರಿಗೆ ಮರಳಿದ ಮೇಲೆ ಅವನ ಕೊರತೆ ಮತ್ತೆ ಹಾಗೆಯೇ. 1991ರ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಪಾಲ್ ಗಿನ್ಸ್‌ಪರ್ಗ್ ಆರಂಭಿಸಿದ, ಮುಂದೆ ‘ಆರ್ಕೈವ್’ ಎಂದು ಹೆಸರಾದ ಇಂಟರ್ನೆಟ್ ಪ್ರಿಪ್ರಿಂಟ್ ಭಂಡಾರ ತುಂಬಿದ್ದು ಈ ಕೊರತೆಯನ್ನು. ಅದು ಪದ್ಧತಿಯನ್ನು ಹೊಸದಾಗಿ ಹುಟ್ಟುಹಾಕಲಿಲ್ಲ, ಇದ್ದ ಪದ್ಧತಿಯಿಂದ ವಿಳಾಸಪಟ್ಟಿಯನ್ನು ಕಿತ್ತುಹಾಕಿತು.

ತಜ್ಞರ ಪರಿಶೀಲನೆಯಾಗದ ಇಂಥ ಬರಹವನ್ನು ನಂಬುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿಯೇ ನಿಯತಕಾಲಿಕಗಳು ಉಳಿದುಕೊಂಡವು. ಅವುಗಳನ್ನು ಸಾಕುವ ಬಗೆ ಮಾತ್ರ ಬದಲಾಯಿತು: ಯುರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್ ಮುಂದಾಳತ್ವದ ಸ್ಕೋಪ್-3 ಒಕ್ಕೂಟ 2014ರ ಜನವರಿಯಿಂದ ಗ್ರಂಥಾಲಯಗಳ ಚಂದಾ ಹಣವನ್ನೇ ಪ್ರಕಟಣೆಯ ವೆಚ್ಚಕ್ಕೆ ತಿರುಗಿಸಿತು. ಲೇಖಕ ಶುಲ್ಕ ಕಟ್ಟಬೇಕಿಲ್ಲ, ಓದುಗನೂ ಕಟ್ಟಬೇಕಿಲ್ಲ.

ಹಾಗಾದರೆ ಉಳಿದ ವಿಜ್ಞಾನಗಳೂ ಇದನ್ನೇ ಅನುಸರಿಸಬಹುದಲ್ಲ? ಇಲ್ಲಿ ಪುಣೆಯ ಪಾಷಾಣ್ ಪ್ರದೇಶ ಒಳ್ಳೆಯ ಸಾಕ್ಷಿ. ಅಲ್ಲಿ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ ಐಸರ್ ಹಾಗೂ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ನೆರೆಹೊರೆಯವು. ಸರ್ನ್‌ನ ಸಿಎಂಎಸ್ ಪ್ರಯೋಗದಲ್ಲಿ ಪಾಲ್ಗೊಳ್ಳುವ ಐಸರ್ ತಂಡದ ಫಲಿತಾಂಶಗಳು ಜಗತ್ತಿಗೆಲ್ಲ ತೆರೆದಿರುತ್ತವೆ. ರಸಾಯನವಿಜ್ಞಾನದ ಎಷ್ಟೋ ಪ್ರಬಂಧಗಳಿಗೆ ಇಂದಿಗೂ ಚಂದಾ ಬೇಕು. ಅದರ ಪ್ರಿಪ್ರಿಂಟ್ ಭಂಡಾರ ಕೆಮ್‌ಆರ್ಕೈವ್ ಶುರುವಾದದ್ದೇ 2017ರಲ್ಲಿ. ಇದು ರಸಾಯನವಿಜ್ಞಾನಿಗಳ ಸಂಕುಚಿತತನವಲ್ಲ. ಅವರ ಕೆಲಸದ ಬೆನ್ನಿಗೆ ಉದ್ಯಮವಿದೆ, ಪೇಟೆಂಟ್ ಇದೆ, ನೂರಾರು ನಿಯತಕಾಲಿಕಗಳಿವೆ. ಕಣ ಭೌತವಿಜ್ಞಾನಕ್ಕೆ ಇರುವುದು ಬೆರಳೆಣಿಕೆಯ ನಿಯತಕಾಲಿಕಗಳು, ಸರ್ಕಾರಗಳ ಹಣ, ಮತ್ತು ಫಲಿತಾಂಶಗಳನ್ನು ಎಲ್ಲರಿಗೂ ಸಿಗುವಂತೆ ಮಾಡಬೇಕೆಂದು 1953ರಲ್ಲೇ ಸಾರಿದ ಸರ್ನ್ ಒಪ್ಪಂದ.

ಭಾರತ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟು ಸರ್ಕಾರಿ ಸಂಸ್ಥೆಗಳಿಗೆ ಸುಮಾರು 13,000 ನಿಯತಕಾಲಿಕಗಳನ್ನು ಒದಗಿಸುತ್ತದೆ. ಬೇಡವೆನ್ನಲಾಗದು, ರಸಾಯನ ಓದುವ ವಿದ್ಯಾರ್ಥಿಗೆ ಅದು ಇಂದೇ ಬೇಕು. ಆದರೂ ಅದು ಓದುವ ಹಕ್ಕನ್ನು ಅವಧಿಗೆ ಬಾಡಿಗೆ ಹಿಡಿಯುವ ವ್ಯವಸ್ಥೆ, ಯೋಜನೆಗೆ ಸೇರದ ಸಂಸ್ಥೆಗಳವರನ್ನು ಹೊರಗಿಟ್ಟೇ ನಡೆಯುವಂಥದು. ಕಣ ಭೌತವಿಜ್ಞಾನ ಈ ಹೊತ್ತಿಗೆ ಪ್ರಬಂಧವನ್ನೂ ದಾಟಿದೆ: 2014ರಿಂದ ಸಿಎಂಎಸ್ ತನ್ನ ಪ್ರಯೋಗದ ದತ್ತಾಂಶವನ್ನೇ ಕಂತುಕಂತಾಗಿ ಬಿಡುಗಡೆ ಮಾಡುತ್ತಿದೆ. ಅದನ್ನು ವಿಶ್ಲೇಷಿಸಲು ಬೇಕಾದ ಕಂಪ್ಯೂಟರ್, ತರಬೇತಿ, ಬಿಡುವು ಸಾಮಾನ್ಯ ಕಾಲೇಜು ಅಧ್ಯಾಪಕನಿಗೆ ಎಲ್ಲಿಂದ ಬರಬೇಕೆಂಬುದಕ್ಕೆ ಯಾವ ಚಂದಾ ಯೋಜನೆಯಲ್ಲೂ ಉತ್ತರವಿಲ್ಲ.