ಗೋಲ್ಡನ್ ಡಾನ್: ಮನಸ್ಸನ್ನು ಪಳಗಿಸಿದ ಗುಪ್ತ ಪಾಠಶಾಲೆ

1888ರಲ್ಲಿ ಲಂಡನ್ನಿನಲ್ಲಿ ಮೂವರು ಫ್ರೀಮೇಸನ್ನರು ಸೇರಿ ಒಂದು ಗುಪ್ತ ಸಂಘ ಕಟ್ಟಿದರು. ವಿಲಿಯಂ ವಿನ್ ವೆಸ್ಟ್‌ಕಾಟ್ ವೈದ್ಯರು, ಅಸಹಜ ಸಾವುಗಳ ವಿಚಾರಣೆ ನಡೆಸುವ ಕರೋನರ್ ಹುದ್ದೆಯಲ್ಲಿದ್ದವರು. ವಿಲಿಯಂ ರಾಬರ್ಟ್ ವುಡ್‌ಮನ್ ಕೂಡ ವೈದ್ಯರೇ. ಮೂರನೆಯವರಾದ ಸ್ಯಾಮ್ಯುಯೆಲ್ ಲಿಡೆಲ್ ಮೇದರ್ಸ್ ಬ್ರಿಟಿಷ್ ಮ್ಯೂಸಿಯಂ ವಾಚನಾಲಯದಲ್ಲಿ ಹಳೆಯ ಮಂತ್ರಗ್ರಂಥಗಳನ್ನು ಹುಡುಕಿ ಓದಿದವರು. ಇವರು ಕಟ್ಟಿದ 'ಹರ್ಮೆಟಿಕ್ ಆರ್ಡರ್ ಆಫ್ ದಿ ಗೋಲ್ಡನ್ ಡಾನ್' ಮೊದಲ ದಶಕದೊಳಗೇ ಮುನ್ನೂರಕ್ಕೂ ಹೆಚ್ಚು ಜನರಿಗೆ ದೀಕ್ಷೆ ಕೊಟ್ಟಿತು. ಕವಿ ಡಬ್ಲ್ಯೂ. ಬಿ. ಯೇಟ್ಸ್, ನಟಿ ಫ್ಲಾರೆನ್ಸ್ ಫಾರ್, ಮುಂದೆ ಡಬ್ಲಿನ್ನಿನ ಆಬಿ ಥಿಯೇಟರಿಗೆ ಹಣ ಒದಗಿಸಿದ ಆನಿ ಹಾರ್ನಿಮನ್, ಕತೆಗಾರ ಆರ್ಥರ್ ಮೇಕನ್ ಇದರ ಸದಸ್ಯರು. ಇಂದು ಈ ಸಂಘದ ಮಾತು ಬಂದರೆ ನೆನಪಾಗುವುದು ಅದರ ಜಗಳಗಳು ಮತ್ತು ಅದರ ಸದಸ್ಯನಾಗಿದ್ದ ಮಾಂತ್ರಿಕ ಅಲಿಸ್ಟರ್ ಕ್ರೌಲಿಯ ಕುಖ್ಯಾತಿ. ಈ ಗದ್ದಲದಲ್ಲಿ ಮುಖ್ಯ ವಿಷಯವೇ ಮರೆಯಾಗಿದೆ. ಗೋಲ್ಡನ್ ಡಾನ್ ಮೂಲತಃ ಒಂದು ಪಾಠಶಾಲೆ. ಏಕಾಗ್ರತೆ, ನೆನಪು, ಕಲ್ಪನೆ ಈ ಮೂರನ್ನೂ ಹಂತಹಂತವಾಗಿ ಪಳಗಿಸುವ ಪಠ್ಯಕ್ರಮ ಅಲ್ಲಿತ್ತು. ಅದನ್ನು ತೂಗಬೇಕಾದದ್ದೂ ಆ ಪಠ್ಯಕ್ರಮದಿಂದಲೇ.

ಮೊದಲ ದೀಕ್ಷೆಯಲ್ಲಿ ಅಭ್ಯರ್ಥಿಯ ಕಣ್ಣಿಗೆ ಬಟ್ಟೆ ಕಟ್ಟಿ, ಸೊಂಟಕ್ಕೆ ಮೂರು ಸುತ್ತು ಹಗ್ಗ ಬಿಗಿದು ಸಭೆಗೆ ಕರೆತರುತ್ತಿದ್ದರು. ನೀರಿನಿಂದಲೂ ಧೂಪದಿಂದಲೂ ಶುದ್ಧಿ ಮಾಡಿ, ಪ್ರಮಾಣ ಮಾಡಿಸಿ, ಸಭಾಂಗಣದ ಸುತ್ತ ನಡೆಸಿ, ಕೊನೆಗೆ ಕಣ್ಣುಕಟ್ಟು ಬಿಚ್ಚುತ್ತಿದ್ದರು. ಸಭೆಯಲ್ಲಿ ಪ್ರತಿಯೊಬ್ಬ ಅಧಿಕಾರಿಗೂ ಒಂದು ದಿಕ್ಕು, ಒಂದು ಬಣ್ಣ, ಒಂದು ದಂಡ ಅಥವಾ ಪಾತ್ರೆ, ಒಂದು ಮಾತು ನಿಗದಿಯಾಗಿತ್ತು. ಇಷ್ಟೇ ಆಗಿದ್ದರೆ ಇದನ್ನು ನಾಟಕ ಎನ್ನಬಹುದಿತ್ತು. ಆದರೆ ನಿಜವಾದ ಕೆಲಸ ಶುರುವಾಗುತ್ತಿದ್ದದ್ದು ಮರುದಿನದಿಂದ. ಹೊಸಬರು ಹೀಬ್ರೂ ಲಿಪಿಯ 22 ಅಕ್ಷರಗಳನ್ನು, ಗ್ರಹ ಮತ್ತು ರಾಶಿಗಳ ಚಿಹ್ನೆಗಳನ್ನು, ಯೆಹೂದಿ ಅನುಭಾವ ಪರಂಪರೆಯಾದ ಕಬಾಲಾದ 'ಜೀವವೃಕ್ಷ'ದ 10 ಸ್ಥಾನಗಳನ್ನು ಕಂಠಪಾಠ ಮಾಡಬೇಕಿತ್ತು. ಪಂಚಕೋನವನ್ನು ಗಾಳಿಯಲ್ಲಿ ಬರೆಯುವ ಒಂದು ಸಣ್ಣ ವಿಧಿಯನ್ನು ಅಭ್ಯಾಸ ಮಾಡಬೇಕಿತ್ತು. ಪಾಠದ ಹಸ್ತಪ್ರತಿಗಳನ್ನು ಸ್ವಂತ ಕೈಬರಹದಲ್ಲಿ ನಕಲು ಮಾಡಿಕೊಳ್ಳಬೇಕಿತ್ತು. ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಮೇಲಿನ ಹಂತಕ್ಕೆ ಪ್ರವೇಶವಿರಲಿಲ್ಲ. ಹೆಂಗಸರಿಗೂ ಗಂಡಸರಿಗೂ ಒಂದೇ ಪಾಠ, ಒಂದೇ ಪರೀಕ್ಷೆ. ಫ್ರೀಮೇಸನ್ ಸಂಘಗಳು ಹೆಂಗಸರಿಗೆ ಬಾಗಿಲು ಮುಚ್ಚಿದ್ದ ಆ ಕಾಲದ ಇಂಗ್ಲೆಂಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

1892ರ ಹೊತ್ತಿಗೆ ಒಳಗಿನ ಎರಡನೆಯ ಸಂಘ ಕೆಲಸ ಆರಂಭಿಸಿತು. ಅಲ್ಲಿಗೆ ಬಂದವರು ದಂಡ, ಬಟ್ಟಲು, ಕಿರುಗತ್ತಿ, ಫಲಕಗಳನ್ನು ತಾವೇ ತಯಾರಿಸಿ, ಗೊತ್ತುಪಡಿಸಿದ ಬಣ್ಣಗಳನ್ನೇ ಬಳಿದು, ವಿಧಿಪೂರ್ವಕ ಪ್ರತಿಷ್ಠೆ ಮಾಡಬೇಕಿತ್ತು. ಧ್ಯಾನದ ಸಾಧನವಾಗಿ ಅವರು ಬಳಸಿದ್ದು ನಮ್ಮ ನಾಡಿನ ಪಂಚತತ್ತ್ವಗಳನ್ನು. ಪೃಥ್ವಿಗೆ ಹಳದಿ ಚೌಕ, ಅಪ್ಪುವಿಗೆ ಬೆಳ್ಳಿಯ ಬಣ್ಣದ ಅರ್ಧಚಂದ್ರ, ತೇಜಸ್ಸಿಗೆ ಕೆಂಪು ತ್ರಿಕೋನ, ವಾಯುವಿಗೆ ನೀಲಿ ವೃತ್ತ, ಆಕಾಶಕ್ಕೆ ಕಡುಬಣ್ಣದ ಅಂಡಾಕೃತಿ. ಈ ಚಿಹ್ನೆಗಳು ಅವರಿಗೆ ತಲುಪಿದ್ದು 'ಶಿವಸ್ವರೋದಯ' ಎಂಬ ಸಂಸ್ಕೃತ ಗ್ರಂಥವನ್ನು ಆಧರಿಸಿ ರಾಮ ಪ್ರಸಾದರು ಬರೆದು ಥಿಯಾಸಾಫಿಕಲ್ ಸೊಸೈಟಿ 1890ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪುಸ್ತಕದ ಮೂಲಕ. ಸಾಧಕರು ಕೆಂಪು ತ್ರಿಕೋನವನ್ನು ಕಣ್ಣು ದಣಿಯುವವರೆಗೆ ನೋಡಿ ದೃಷ್ಟಿಯನ್ನು ಬಿಳಿ ಹಾಳೆಗೆ ಹೊರಳಿಸಿದರೆ ಅಲ್ಲಿ ಹಸಿರು ತ್ರಿಕೋನವೊಂದು ತೇಲುತ್ತಿತ್ತು. ಕಣ್ಣು ಮುಚ್ಚಿ ಅದನ್ನೇ ಬಾಗಿಲಿನಷ್ಟು ದೊಡ್ಡದಾಗಿಸಿ, ಮನಸ್ಸಿನಲ್ಲೇ ಅದನ್ನು ದಾಟಿ, ಆಚೆ ಕಂಡದ್ದನ್ನು ವರದಿ ಮಾಡಬೇಕು. ಮೇದರ್ಸ್ ಹೀಗೆ ಒಂದು ರಟ್ಟಿನ ಚಿಹ್ನೆಯನ್ನು ಕೈಗಿತ್ತಾಗ ತಮಗೆ ಮರುಭೂಮಿಯೂ ಪುರಾತನ ಅವಶೇಷಗಳ ನಡುವಿನಿಂದ ಮೇಲೇಳುವ ಕಪ್ಪು ದೈತ್ಯನೂ ಕಂಡದ್ದನ್ನು ಯೇಟ್ಸ್ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಅದು ಅಗ್ನಿಯ ಚಿಹ್ನೆಯಾಗಿತ್ತು.

ಈ ಪಾಠದ ಸತ್ವ ಇರುವುದು ಮುಂದಿನ ಹೆಜ್ಜೆಯಲ್ಲಿ. ಕಂಡದ್ದನ್ನೆಲ್ಲ ನಂಬಬಾರದು ಎಂಬುದು ಸಂಘದ ಕಟ್ಟಪ್ಪಣೆ. ಕಂಡ ಚಿತ್ರ ಹಳೆಯ ನೆನಪಿನದೇ ಇರಬಹುದು ಎಂಬ ಅನುಮಾನ ಬಂದರೆ ಶನಿಗ್ರಹಕ್ಕೆ ಗೊತ್ತುಪಡಿಸಿದ ಹೀಬ್ರೂ ಅಕ್ಷರವನ್ನು, ಸಿಟ್ಟು ಬೆರೆತಿದೆ ಅನ್ನಿಸಿದರೆ ಕುಜನ ಅಕ್ಷರವನ್ನು, ಮನಸ್ಸು ಅಲೆಯುತ್ತಿದ್ದರೆ ಚಂದ್ರನ ಅಕ್ಷರವನ್ನು ಅದರ ಎದುರು ಬಿಳಿಯಾಗಿ ಕಲ್ಪಿಸಿಕೊಳ್ಳಬೇಕು. ಚಿತ್ರ ಕರಗಿದರೆ ಅದು ತನ್ನದೇ ಮನಸ್ಸಿನ ಆಟವೆಂದು ಕೈಬಿಡಬೇಕು. ಅಕ್ಷರಕ್ಕೆ ಶಕ್ತಿಯಿದೆಯೇ ಎಂಬ ಪ್ರಶ್ನೆ ಇಲ್ಲಿ ಮುಖ್ಯವಲ್ಲ. ತನ್ನ ಅನುಭವವನ್ನು ನೆನಪು, ಸಿಟ್ಟು, ಚಾಂಚಲ್ಯ ಎಂದು ವಿಂಗಡಿಸಿ ನೋಡುವ ಅಭ್ಯಾಸ ಸಾಧಕರಿಗೆ ಆಗುತ್ತಿತ್ತು. ಕಲ್ಪನೆಗೆ ರೆಕ್ಕೆ ಕೊಟ್ಟವರೇ ಅದಕ್ಕೆ ಲಗಾಮನ್ನೂ ಕೊಟ್ಟಿದ್ದರು. ಯೂರೋಪಿಗೆ ಇಂಥ ಸಾಧನೆ ಹೊಸದೂ ಆಗಿರಲಿಲ್ಲ. ಹದಿನಾರನೆಯ ಶತಮಾನದಲ್ಲಿ ಜೋರ್ಡಾನೋ ಬ್ರೂನೋ ಗ್ರಹರಾಶಿಗಳ ಚಿತ್ರಗಳನ್ನು ನೆನಪಿನ ಕಲೆಗೆ ಬಳಸಿದ್ದರು. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಇಗ್ನೇಷಿಯಸ್ ಲೊಯೊಲಾರ ಧ್ಯಾನಕ್ರಮವೂ ಕ್ರಿಸ್ತನ ಬದುಕಿನ ಸ್ಥಳಗಳನ್ನು ಕಣ್ಣೆದುರು ತಂದುಕೊಳ್ಳಲು ಹೇಳುತ್ತದೆ, ಮನಸ್ಸಿಗೆ ಬಂದ ಪ್ರೇರಣೆಗಳನ್ನು ಪರೀಕ್ಷಿಸಲೂ ಕಲಿಸುತ್ತದೆ.

ಗೋಲ್ಡನ್ ಡಾನನ್ನು ಪಾಠಶಾಲೆಯಾಗಿ ತೂಗುವ ಈ ವಾದಕ್ಕೆ ಮೊದಲ ಆಕ್ಷೇಪ, ಸಂಘದ ಬುನಾದಿಯೇ ಸುಳ್ಳು ಎಂಬುದು. ಆಕ್ಷೇಪದಲ್ಲಿ ಹುರುಳಿದೆ. ಗೂಢಲಿಪಿಯ ಕೆಲವು ಹಾಳೆಗಳು ಸಿಕ್ಕವೆಂದೂ, ಜರ್ಮನಿಯ ಆನಾ ಸ್ಪ್ರೆಂಗೆಲ್ ಎಂಬಾಕೆ ಪತ್ರ ಬರೆದು ಸಂಘ ಸ್ಥಾಪಿಸಲು ಅನುಮತಿ ಕೊಟ್ಟರೆಂದೂ ವೆಸ್ಟ್‌ಕಾಟ್ ಹೇಳಿಕೊಂಡಿದ್ದರು. ಆ ಪತ್ರಗಳು ವೆಸ್ಟ್‌ಕಾಟರದೇ ಸೃಷ್ಟಿ ಎಂದು 1900ರಲ್ಲಿ ಮೇದರ್ಸರೇ ಆರೋಪಿಸಿದರು. ಇತಿಹಾಸಕಾರ ಎಲಿಕ್ ಹೋ 1972ರ ತಮ್ಮ ಗ್ರಂಥದಲ್ಲಿ ದಾಖಲೆಗಳನ್ನು ಜಾಲಾಡಿ ಅವು ನಕಲಿ ಎಂಬ ನಿಲುವಿಗೇ ಬಂದರು. ಈ ಮೋಸವನ್ನು ಮನ್ನಿಸಬೇಕಿಲ್ಲ. ಆದರೆ ಸುಳ್ಳಾದದ್ದು ಸಂಘದ ವಂಶಾವಳಿ. ಅದರಿಂದ ಪಠ್ಯಕ್ರಮ ಸುಳ್ಳಾಗುವುದಿಲ್ಲ. ಸಾಧಕರು ಬಾಯಿಪಾಠ ಮಾಡಿದ್ದು, ಕೈಯಾರೆ ತಯಾರಿಸಿದ್ದು, ಪರೀಕ್ಷೆ ಬರೆದದ್ದು ಯಾವುದೂ ಸ್ಪ್ರೆಂಗೆಲ್ ಇದ್ದರೋ ಇಲ್ಲವೋ ಎಂಬುದರ ಮೇಲೆ ನಿಂತಿರಲಿಲ್ಲ.

ಎರಡನೆಯ ಆಕ್ಷೇಪ, ಇದೆಲ್ಲ ಸ್ವಯಂಸಮ್ಮೋಹನ ಎಂಬುದು. ಕಂಡದ್ದು ಬೇರೊಂದು ಲೋಕ ಎಂದು ಸಾಧಿಸುವುದು ಈ ಲೇಖನದ ಉದ್ದೇಶವಲ್ಲ. ಅದಕ್ಕೆ ಪುರಾವೆಯೂ ಇಲ್ಲ. ಆದರೆ ಕಲ್ಪನೆ ಅಭ್ಯಾಸದಿಂದ ಬಲಿಯುತ್ತದೆ ಎಂಬುದಕ್ಕೆ ಆಧಾರವಿದೆ. ಮಾನವಶಾಸ್ತ್ರಜ್ಞೆ ತಾನ್ಯಾ ಲರ್ಮನ್ 1980ರ ದಶಕದಲ್ಲಿ ಲಂಡನ್ನಿನ ಮಂತ್ರಸಾಧಕರ ನಡುವೆ ಇದ್ದು ಅಧ್ಯಯನ ನಡೆಸಿದರು. ಮುಂದೆ ಅಮೆರಿಕದ ಕ್ರೈಸ್ತ ಭಕ್ತರ ಪ್ರಾರ್ಥನೆಯನ್ನೂ ಪ್ರಯೋಗಕ್ಕೊಡ್ಡಿ ನೋಡಿದರು. ಕಲ್ಪನೆ ತುಂಬಿದ ಪ್ರಾರ್ಥನೆಯನ್ನು ನಿಯಮಿತವಾಗಿ ಮಾಡಿದವರ ಮನಶ್ಚಿತ್ರಗಳು ಹೆಚ್ಚು ಸ್ಪಷ್ಟವಾದದ್ದು ಅವರಿಗೆ ಕಂಡುಬಂತು. ಗೋಲ್ಡನ್ ಡಾನ್ ಪರಂಪರೆಯಲ್ಲೇ ದೀಕ್ಷೆ ಪಡೆದ ಡಯಾನ್ ಫಾರ್ಚೂನ್ ಕೂಡ ಮ್ಯಾಜಿಕ್ ಎಂದರೆ ಇಚ್ಛೆಗೆ ತಕ್ಕಂತೆ ಪ್ರಜ್ಞೆಯನ್ನು ಮಾರ್ಪಡಿಸುವ ಕಲೆ ಎಂದೇ ವಿವರಿಸಿದರು. ಇಷ್ಟನ್ನು ಒಪ್ಪಲು ಅಲೌಕಿಕವನ್ನು ನಂಬಬೇಕಿಲ್ಲ.

ಮೂರನೆಯದೇ ಗಟ್ಟಿ ಆಕ್ಷೇಪ. ಮನಸ್ಸನ್ನು ಪಳಗಿಸಿದವರು ಅಷ್ಟು ಕೀಳಾಗಿ ಕಿತ್ತಾಡಿದ್ದೇಕೆ? 1900ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನಲ್ಲಿದ್ದ ಮೇದರ್ಸರ ಪರವಾಗಿ ಕ್ರೌಲಿ ಲಂಡನ್ನಿನ ಬ್ಲೈತ್ ರಸ್ತೆಯ ದೀಕ್ಷಾಮಂದಿರವನ್ನು ವಶಪಡಿಸಿಕೊಳ್ಳಲು ಮುಖವಾಡ ತೊಟ್ಟು ಬಂದರು. ಯೇಟ್ಸ್ ಮತ್ತು ಸಂಗಡಿಗರು ಅಡ್ಡ ನಿಂತರು. 1903ರೊಳಗೆ ಸಂಘ ಹೋಳಾಯಿತು. ಇದಕ್ಕೆ ಎರಡು ಉತ್ತರಗಳಿವೆ. ಏಕಾಗ್ರತೆಯನ್ನು ಬೆಳೆಸಿದರೆ ಶೀಲವೂ ತಾನಾಗಿ ಬೆಳೆಯುತ್ತದೆ ಎಂಬ ನಂಬಿಕೆ ತಪ್ಪು. ಸಂಘ ಈ ತಪ್ಪಿಗೆ ಬೆಲೆ ತೆತ್ತಿತು. ಅದಕ್ಕಿಂತ ಮುಖ್ಯವಾಗಿ, ಜಗಳ ಹುಟ್ಟಿದ್ದು ಪಾಠ ಮತ್ತು ಪರೀಕ್ಷೆ ಸಡಿಲಗೊಂಡ ಕಡೆಯಲ್ಲೇ. ಕಾಣದ 'ಗುಪ್ತ ಗುರುಗಳ' ಆಜ್ಞೆ ತಮಗೆ ನೇರವಾಗಿ ಬರುತ್ತದೆ ಎಂದ ಮೇದರ್ಸರ ಮಾತನ್ನು ಯಾರೂ ಒರೆಗೆ ಹಚ್ಚುವಂತಿರಲಿಲ್ಲ. ಫ್ಲಾರೆನ್ಸ್ ಫಾರ್ ಸಂಘದೊಳಗೇ ಗುಟ್ಟಾಗಿ ಒಂದು ಗುಂಪು ನಡೆಸಿದಾಗ, ಅದೂ ಎಲ್ಲರಿಗೂ ಸಮನಾದ ಹಂತ ಮತ್ತು ಪರೀಕ್ಷೆಗಳ ಹೊರಗೆ ಉಳಿಯಿತು. ಯೇಟ್ಸ್ ಇದನ್ನು ಸರಿಯಾಗಿ ಗುರುತಿಸಿದರು. ಹಂತಗಳನ್ನೂ ಪರೀಕ್ಷೆಗಳನ್ನೂ ಬಿಟ್ಟರೆ ಸಂಘಕ್ಕೆ ಜೀವವಿರುವುದಿಲ್ಲ ಎಂದು 1901ರಲ್ಲಿ ಕಿರುಹೊತ್ತಗೆಯನ್ನೇ ಅಚ್ಚು ಹಾಕಿಸಿ ವಾದಿಸಿದರು. ವಾದದಲ್ಲಿ ಅವರು ಸೋತರು; ಆದರೆ ನಂತರದ ಘಟನೆಗಳು ಅವರ ಮಾತನ್ನೇ ನಿಜ ಮಾಡಿದವು.

1937ರಿಂದ 1940ರವರೆಗೆ, ಈ ಪರಂಪರೆಯ ಒಂದು ಶಾಖೆಯಲ್ಲಿ ದೀಕ್ಷೆ ಪಡೆದಿದ್ದ ಇಸ್ರೇಲ್ ರಿಗಾರ್ಡಿ ಸಂಘದ ಪಾಠಗಳನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದರು. ಗುಟ್ಟು ಬಯಲಾಯಿತು, ಪ್ರಮಾಣಭಂಗದ ದೂರೂ ಬಂತು. ಆದರೆ ಆ ಸಂಪುಟಗಳಿಲ್ಲದೆ ಈ ಪಠ್ಯಕ್ರಮವನ್ನು ಇಂದು ನಾವು ಇಷ್ಟು ವಿವರವಾಗಿ ಅಳೆಯಲಾಗುತ್ತಿರಲಿಲ್ಲ. ಅವನ್ನು ಓದಿದವರಿಗೆ ಒಂದು ತೀರ್ಪು ಅನಿವಾರ್ಯವಾಗುತ್ತದೆ. ಗೋಲ್ಡನ್ ಡಾನ್ ತನ್ನ ಶಿಷ್ಯರ ಅನುಭವವನ್ನು ಒರೆಗೆ ಹಚ್ಚಿದಷ್ಟು ಕಾಲ ಒಳ್ಳೆಯ ಶಾಲೆಯಾಗಿತ್ತು. ಗುರುಗಳ ಅಧಿಕಾರವನ್ನು ಅದೇ ಒರೆಗೆ ಹಚ್ಚದೆ ಬಿಟ್ಟದ್ದರಿಂದ ಒಡೆಯಿತು. ದೀಕ್ಷೆಯ ಹೆಸರಿನಲ್ಲಿ ಮನಸ್ಸನ್ನು ತಿದ್ದುತ್ತೇವೆ ಎನ್ನುವ ಯಾವ ಸಂಸ್ಥೆಯನ್ನೂ, ಅದು ಪೂರ್ವದ್ದಿರಲಿ ಪಶ್ಚಿಮದ್ದಿರಲಿ, ಈ ಎರಡೂ ಅಳತೆಗಳಿಂದಲೇ ಅಳೆಯಬೇಕು.