‘ಚೆಕ್’ ಶಬ್ದದ ಎರಡು ಕವಲು: ಕಾಯಿ ಮತ್ತು ಮಣೆ

ಬ್ಯಾಂಕಿನ ಚೆಕ್ಕಿಗೆ ಆ ಹೆಸರು ಬಂದದ್ದು ಅರಬ್ಬಿಯ ‘ಸಕ್ಕ್’ ಶಬ್ದದಿಂದ ಎಂಬ ವಾದ ಬಹಳ ಕಡೆ ಓದಲು ಸಿಗುತ್ತದೆ. ಮಧ್ಯಯುಗದ ಅರಬ್ ವರ್ತಕರಲ್ಲಿ ಹಣ ಪಾವತಿಯ ಬರಹಕ್ಕೆ ಸಕ್ಕ್ ಎನ್ನುತ್ತಿದ್ದುದು ನಿಜ. ಉಚ್ಚಾರ ಹತ್ತಿರ, ಅರ್ಥವೂ ಹತ್ತಿರ. ಶಬ್ದಮೂಲ ಹುಡುಕುವವರು ಮೊದಲು ಅನುಮಾನಿಸಬೇಕಾದದ್ದು ಇಂಥ ಸಲೀಸಾದ ನಂಟನ್ನೇ. ಇಂಗ್ಲಿಷ್ ದಾಖಲೆಗಳನ್ನು ಹಿಡಿದು ಹಿಂದಕ್ಕೆ ಹೋದರೆ ನಾವು ಮುಟ್ಟುವುದು ಚದುರಂಗದ ಮಣೆಯನ್ನು. ಅಲ್ಲಿಂದ ಶಬ್ದ ಎರಡು ಕವಲಾಗುತ್ತದೆ. ಒಂದು ಕಾಯಿಯದು, ಇನ್ನೊಂದು ಮಣೆಯದು. ಬ್ಯಾಂಕಿನ ಚೆಕ್ಕು ಅರ್ಥವನ್ನು ಮೊದಲ ಕವಲಿನಿಂದಲೂ ಕಾಗುಣಿತವನ್ನು ಎರಡನೆಯದರಿಂದಲೂ ಪಡೆದಿದೆ ಎಂಬುದು ಇಲ್ಲಿನ ಪ್ರತಿಪಾದನೆ.

ಆಟದ ಹೆಸರಿನ ಪಯಣ ಪರಿಚಿತವೇ. ಸಂಸ್ಕೃತದ ಚತುರಂಗ ಮಧ್ಯಕಾಲದ ಪಾರಸಿಯಲ್ಲಿ ಚತ್ರಂಗ್ ಆಯಿತು, ಅರಬ್ಬಿಯಲ್ಲಿ ಶತ್ರಂಜ್. ಮೂರ್ ಅರಸರ ಆಳ್ವಿಕೆ ಕಂಡ ಸ್ಪೇನ್ ಮತ್ತು ಪೋರ್ಚುಗಲ್ ಅದೇ ಹೆಸರನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡವು. ಫ್ರೆಂಚ್, ಇಟಾಲಿಯನ್, ಜರ್ಮನ್ ಭಾಷೆಗಳು ಮಾತ್ರ ಆಟದ ಹೆಸರನ್ನು ಬಿಟ್ಟು ಅರಸನ ಹೆಸರನ್ನು ಎತ್ತಿಕೊಂಡವು. ಪಾರಸಿಯ ‘ಶಾಹ್’ ಮಧ್ಯಯುಗದ ಲ್ಯಾಟಿನ್ನಿನಲ್ಲಿ ಸ್ಕಾಕುಸ್, ಹಳೆಯ ಫ್ರೆಂಚಿನಲ್ಲಿ ಎಶೆಕ್. ಈ ಎಶೆಕ್‌ನ ಬಹುವಚನದಿಂದ ಇಂಗ್ಲಿಷಿನ ‘ಚೆಸ್’, ಏಕವಚನದಿಂದ ‘ಚೆಕ್’. ಶಾಹ್‌ನ ಪ್ರಾಚೀನ ರೂಪ ಇರಾನಿನ ಅಖೆಮೆನಿಡ್ ದೊರೆಗಳ ಶಾಸನಗಳಲ್ಲಿ ಬರುವ ‘ಕ್ಷಾಯಥಿಯ’. ನಮ್ಮ ‘ಕ್ಷತ್ರ’ ಶಬ್ದ ಇದರ ದಾಯಾದಿ.

ಎದುರಾಳಿಯ ಅರಸನ ಮೇಲೆ ದಾಳಿಯಿಟ್ಟಾಗ ‘ಶಾಹ್’ ಎಂದು ಕೂಗಿ ಎಚ್ಚರಿಸುವುದು ಆಟದ ಮರ್ಯಾದೆ. ಆ ಕೂಗು ಬಿದ್ದ ಮೇಲೆ ಎದುರಾಳಿ ತನ್ನ ಬೇರೆಲ್ಲ ಹೂಟಗಳನ್ನು ಬದಿಗಿಟ್ಟು ಅರಸನನ್ನು ಪಾರುಮಾಡಲೇಬೇಕು. ಇಂಗ್ಲಿಷಿನಲ್ಲಿ ಚೆಕ್ ಎಂದರೆ ತಟ್ಟನೆ ಬಂದ ತಡೆ ಎಂಬ ಅರ್ಥ ಹುಟ್ಟಿದ್ದು ಇಲ್ಲಿ. ತಡೆಯಿಂದ ಹಿಡಿತ, ಹಿಡಿತದಿಂದ, ಮೋಸ ನಡೆಯದಂತೆ ಒಂದನ್ನು ಇನ್ನೊಂದಕ್ಕೆ ತಾಳೆ ನೋಡುವುದು. ಈ ಕೊನೆಯ ಅರ್ಥ 17ನೆಯ ಶತಮಾನದ ಹೊತ್ತಿಗೆ ಬೇರೂರಿತ್ತು. ಗಾಡಿ ನಿಲ್ಲಿಸಿ ಸರಕು ನೋಡುವ ನಮ್ಮ ಚೆಕ್‌ಪೋಸ್ಟಿನಲ್ಲಿ ತಡೆ, ತಪಾಸಣೆ ಎರಡೂ ಒಟ್ಟಿಗೆ ಇವೆ. ‘ಶಾಹ್ ಮಾತ್’ ಎಂದರೆ ‘ಅರಸ ಸತ್ತ’ ಎಂಬ ವಿವರಣೆ ಅರಬ್ಬಿ ಕ್ರಿಯಾಪದವನ್ನು ನೆಚ್ಚಿದ್ದು. ಪಾರಸಿಯ ‘ಮಾತ್’ಗೆ ದಿಕ್ಕುಗೆಟ್ಟವನು, ಸೋತು ನಿಂತವನು ಎಂಬ ಅರ್ಥವಿದೆ. ಆಟದಲ್ಲಿ ಅರಸನನ್ನು ಎಂದೂ ಕೊಲ್ಲುವುದಿಲ್ಲವಾದ್ದರಿಂದ ನನಗೆ ಇದೇ ಸರಿಯೆನಿಸುತ್ತದೆ.

ಮಣೆಯ ಕವಲು ಇನ್ನೂ ಸ್ವಾರಸ್ಯದ್ದು. ಚದುರಂಗದ ಮಣೆಗೆ ಲ್ಯಾಟಿನ್ನಿನಲ್ಲಿ ಸ್ಕಕಾರಿಯುಂ. 12ನೆಯ ಶತಮಾನದ ಇಂಗ್ಲೆಂಡಿನ ರಾಜಬೊಕ್ಕಸಕ್ಕೂ ಅದೇ ಹೆಸರು. ಅದೇ ಇಂದಿನ ‘ಎಕ್ಸ್‌ಚೆಕರ್’. ಎರಡನೆಯ ಹೆನ್ರಿಯ ಖಜಾಂಚಿ ರಿಚರ್ಡ್ ಫಿಟ್ಜ್‌ನೀಲ್ 1170ರ ದಶಕದ ಕೊನೆಯಲ್ಲಿ ಈ ಇಲಾಖೆಯ ಬಗ್ಗೆ ಗುರುಶಿಷ್ಯ ಸಂವಾದದ ರೂಪದಲ್ಲಿ ಒಂದು ಗ್ರಂಥ ಬರೆದ. ಅವನು ಹೇಳುವಂತೆ ಅಲ್ಲಿದ್ದದ್ದು ಸುಮಾರು 10 ಅಡಿ ಉದ್ದ, 5 ಅಡಿ ಅಗಲದ ಮೇಜು. ಸುತ್ತ ನಾಲ್ಕು ಬೆರಳೆತ್ತರದ ಅಂಚು, ಮೇಲೆ ಗೆರೆಯೆಳೆದ ಕರಿಬಟ್ಟೆ. ಪೆನ್ನಿ, ಶಿಲಿಂಗ್, ಪೌಂಡುಗಳಿಗೆ ಬೇರೆ ಬೇರೆ ಸಾಲು. ಪ್ರಾಂತಗಳ ಅಧಿಕಾರಿಗಳಾದ ಷೆರೀಫರು ಈಸ್ಟರ್ ಹಬ್ಬಕ್ಕೂ ಮೈಕೆಲ್ಮಸ್ ಹಬ್ಬಕ್ಕೂ ಬಂದು ವಸೂಲಿಯ ಲೆಕ್ಕ ಒಪ್ಪಿಸಬೇಕಿತ್ತು. ಬರಬೇಕಾದ ಹಣಕ್ಕೆ ಮೇಲೆ ಬಿಲ್ಲೆಗಳು, ಬಂದ ಹಣಕ್ಕೆ ಕೆಳಗೆ. ರೋಮನ್ ಅಂಕಿಗಳಲ್ಲಿ ಕೂಡುವುದು, ಕಳೆಯುವುದು ಕಷ್ಟವಾಗಿದ್ದ ಕಾಲದಲ್ಲಿ ಅಕ್ಷರ ಬಾರದ ಷೆರೀಫನಿಗೂ ತನ್ನ ಬಾಕಿ ಕಣ್ಣಿಗೇ ಕಾಣುತ್ತಿತ್ತು. ಈ ಹೆಸರೇಕೆ ಎಂದು ಶಿಷ್ಯ ಕೇಳಿದಾಗ ಗುರು, ಮೇಜು ಚದುರಂಗದ ಮಣೆಯನ್ನು ಹೋಲುತ್ತದೆ ಎನ್ನುತ್ತಾನೆ. ಅಷ್ಟಕ್ಕೇ ನಿಲ್ಲದೆ, ಇಲ್ಲಿಯೂ ಖಜಾಂಚಿಗೂ ಷೆರೀಫನಿಗೂ ಕಾಳಗ ನಡೆಯುತ್ತದಲ್ಲ ಎಂದೂ ಸೇರಿಸುತ್ತಾನೆ. ಲೆಕ್ಕಪರಿಶೋಧನೆ ನಡೆದ ಕಚೇರಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಹಣ ಕಟ್ಟಿದ್ದಕ್ಕೆ ರಶೀದಿ ‘ಟ್ಯಾಲಿ’ ಕಡ್ಡಿ. ಕಚ್ಚು ಕೊರೆದ ಕಡ್ಡಿಯನ್ನು ಉದ್ದಕ್ಕೆ ಸೀಳಿ ಇಬ್ಬರೂ ಒಂದೊಂದು ಹೋಳು ಇಟ್ಟುಕೊಳ್ಳುತ್ತಿದ್ದರು. ಮುಂದೆ ಜೋಡಿಸಿದಾಗ ಕಚ್ಚುಗಳು ಹೊಂದದಿದ್ದರೆ ಮೋಸ ಬಯಲಾಗುತ್ತಿತ್ತು. (1834ರ ಅಕ್ಟೋಬರ್ 16ರಂದು ಹಳೆಯ ಕಡ್ಡಿಗಳ ರಾಶಿಯನ್ನು ಒಲೆಗೆ ಹಾಕಿ ಸುಡಹೋಗಿ ಬ್ರಿಟಿಷ್ ಪಾರ್ಲಿಮೆಂಟ್ ಕಟ್ಟಡವೇ ಉರಿದುಹೋಯಿತು.) ಸರ್ಕಾರದ ಸಾಲಪತ್ರಗಳು ಕಾಗದದ ಮೇಲೆ ಬಂದಾಗ ಇದೇ ಉಪಾಯ ಕೌಂಟರ್‌ಫಾಯಿಲ್ ರೂಪ ತಾಳಿತು. 1706ರಲ್ಲಿ ಎಕ್ಸ್‌ಚೆಕರ್ ಪತ್ರಗಳ ಕೌಂಟರ್‌ಫಾಯಿಲಿಗೆ ಚೆಕ್ ಎಂಬ ಹೆಸರು ಕಾಣುತ್ತದೆ. ಎಂದರೆ ಚೆಕ್ ಮೊದಲು ಹಣ ಕೊಡುವ ಕಾಗದವಲ್ಲ, ಆ ಕಾಗದ ನಕಲಿಯಲ್ಲವೆಂದು ತಾಳೆ ನೋಡುವ ತುಂಡು. ಅಂಥ ತುಂಡಿರುವ ಪತ್ರಕ್ಕೆ ಆ ಹೆಸರು ಆಮೇಲೆ ಹರಡಿತು.

ಇಲ್ಲಿ ಇನ್ನೊಂದು ಪುರಾವೆ ಇದೆ. 1659ರಲ್ಲೇ ಲಂಡನ್ನಿನ ಬ್ಯಾಂಕರುಗಳಾದ ಕ್ಲೇಟನ್ ಮತ್ತು ಮಾರಿಸ್ ಅವರ ಮೇಲೆ 400 ಪೌಂಡಿಗೆ ಬರೆದ ಪಾವತಿ ಪತ್ರವೊಂದು ಉಳಿದುಬಂದಿದೆ. ಇಂದಿನ ಲಕ್ಷಣದಲ್ಲಿ ಅದು ಚೆಕ್ಕೇ. ಆದರೆ ಆಗಿನವರು ಅದನ್ನು ಕರೆದದ್ದು ‘ಡ್ರಾನ್ ನೋಟ್’ ಎಂದು. ಶಬ್ದ ಅರಬ್ಬಿ ವ್ಯವಹಾರದ ಜೊತೆಗೇ ಬಂದಿದ್ದರೆ ವಸ್ತು ಬಂದು ದಶಕಗಳ ಮೇಲೆ ಹೆಸರು ಹುಟ್ಟಬೇಕಿರಲಿಲ್ಲ.

ಕಾಗುಣಿತದ್ದು ಚಿಕ್ಕ ಕಥೆ. ಮೊದಮೊದಲು ಎರಡು ಬಗೆಯಲ್ಲಿ ಬರೆಯುತ್ತಿದ್ದರು. ಇಂಗ್ಲೆಂಡಿನಲ್ಲಿ ಎಕ್ಸ್‌ಚೆಕರ್‌ನ ಸೆಳೆತದಿಂದ ‘ಕ್ಯು’ ಅಕ್ಷರವಿರುವ ರೂಪ ನಿಂತಿತು. ಅಮೆರಿಕದವರು ‘ಸಿಕೆ’ಯನ್ನೇ ಉಳಿಸಿಕೊಂಡರು. ಭಾರತದ ವರ್ಗಾವಣೀಯ ಪತ್ರಗಳ ಅಧಿನಿಯಮ 1881ರದಾದ್ದರಿಂದ ನಮಗೆ ಬಂದದ್ದು ಇಂಗ್ಲೆಂಡಿನ ರೂಪ. ಕನ್ನಡ ಲಿಪಿಯಲ್ಲಿ ಈ ಭೇದ ಉಳಿಯಲಿಲ್ಲ. ‘ಚೆಕ್ ಬೌನ್ಸ್ ಆಯಿತು’, ‘ಒಮ್ಮೆ ಚೆಕ್ ಮಾಡಿ’, ‘ಚೆಕ್ಸ್ ಶರಟು’ ಮೂರಕ್ಕೂ ಒಂದೇ ಬರಹ. ಶರಟಿನ ಚೆಕ್ಸ್ ಮಣೆಯ ಕವಲಿನದು. ಅದಕ್ಕೆ ನಾವು ಹೇಳುವ ‘ಚೌಕಳಿ’ ಕಿವಿಗೆ ಹತ್ತಿರವಾದರೂ ಅದರ ನೆಂಟನಲ್ಲ: ಚೌಕ ಬಂದದ್ದು ಸಂಸ್ಕೃತದ ‘ಚತುಷ್ಕ’ದಿಂದ.