ಕಿಟಕಿಯುಳ್ಳ ಚಿಪ್: ಇಪ್ರಾಮ್

ಚಿಪ್‌ನ ನಡುವಿನ ಪುಟ್ಟ ಕಿಟಕಿ ನೋಡಿ. ಅತಿನೇರಳೆ ಕಿರಣ ಹಾಯಲೆಂದೇ ಅದಕ್ಕೆ ಕ್ವಾರ್ಟ್ಸ್ ಕೂರಿಸಿದ್ದಾರೆ. ಇಂಟೆಲ್‌ನಲ್ಲಿ ಡೋವ್ ಫ್ರೋಮನ್ ಕಂಡುಹಿಡಿದ ಇಪ್ರಾಮ್ ಎಂಬ ಈ ಬಗೆಯ ಮೆಮೊರಿ ಚಿಪ್ 1971ರಲ್ಲಿ ಬಂತು. ‘1702’ ಎಂಬ ಮೊದಲ ಮಾದರಿಯಲ್ಲಿ ಹಿಡಿಸುತ್ತಿದ್ದದ್ದು 256 ಬೈಟ್ ಮಾತ್ರ.

ನಿರೋಧಕ ಪದರದ ನಡುವೆ ಸಿಕ್ಕಿಕೊಂಡ ಎಲೆಕ್ಟ್ರಾನ್‌ಗಳೇ ಇಲ್ಲಿ ಮಾಹಿತಿ. ಕರೆಂಟ್ ಹೋದರೂ ಅವು ಕದಲವು. ಅತಿನೇರಳೆ ದೀಪದಡಿ ಸುಮಾರು 20 ನಿಮಿಷ ಇಟ್ಟರೆ ಎಲ್ಲವೂ ಅಳಿಸಿಹೋಗಿ, ಚಿಪ್ ಮರುಬಳಕೆಗೆ ಸಿದ್ಧ. ಅಪಾಯವೂ ಅಲ್ಲೇ ಇದೆ. ನೇರ ಬಿಸಿಲಿಗೆ ಸುಮಾರು ಒಂದು ವಾರ, ಟ್ಯೂಬ್‌ಲೈಟಿಗೆ ಸುಮಾರು 3 ವರ್ಷ ಒಡ್ಡಿದರೆ ಬರೆದದ್ದು ಅಳಿಸಿಹೋಗಬಹುದೆಂದು ತಯಾರಕರೇ ಎಚ್ಚರಿಸಿದ್ದರು. ಅದಕ್ಕೇ ಕಿಟಕಿಯ ಮೇಲೆ ಬೆಳಕು ತೂರದ ಈ ಚೀಟಿ. ಹಳೆಯ ಯಂತ್ರ ಬಿಚ್ಚಿದಾಗ ದಯವಿಟ್ಟು ಅದನ್ನು ಕೀಳಬೇಡಿ. ಮುಚ್ಚಿಟ್ಟರೂ ದಶಕಗಳಲ್ಲಿ ಎಲೆಕ್ಟ್ರಾನ್‌ಗಳು ಸೋರುತ್ತವೆ. ಓದಲು ಬರುವಾಗಲೇ ಪ್ರತಿ ತೆಗೆದಿಡಬೇಕು.